ಹಿಡಿ ಅಂದೆ, ಬಿಡು ಅಂದೆ

ಆಗ ನನಗೆ ನಲವತ್ತರ ಮೇಲೆ ಒಂದೋ ಎರಡೋ. ಈಗ ಎಂಬತ್ತು ದಾಟಿದೆ, ಅಂದರೆ ನಲವತ್ತು ವರ್ಷದ ಹಿಂದಿನ ಮಾತು. ಮೈಮೇಲೆ ಬರುವುದು, ಗಾಳಿ ಸೋಕುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದೆ. ನೀವೂ ಎದ್ದು ಹೋಗುವುದಾದರೆ ಹೋಗಿ, ನನಗೆ ಬೇಜಾರಿಲ್ಲ.

ನನ್ನನ್ನೂ ನನ್ನ ಅಕ್ಕ ಗಂಗವ್ವನನ್ನೂ ಗುಡಗೇರಿಗೇ ಕೊಟ್ಟಿದ್ದರು. ನಮ್ಮ ಮನೆಯಿಂದ ಎರಡು ಓಣಿ ಆಚೆ ಅವಳ ಮನೆ. ಅವಳಿಗೆ ಮೂತ್ರದಲ್ಲಿ ರಕ್ತ ಹೋಗತೊಡಗಿತು. ನೋವಿರಲಿಲ್ಲ, ಅದಕ್ಕೇ ಬಹಳ ದಿನ ಮುಚ್ಚಿಟ್ಟಳು. ಗೊತ್ತಾದ ಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಹೊಟ್ಟೆಯೊಳಗಿನದನ್ನು ಪರದೆಯ ಮೇಲೆ ತೋರಿಸುವ ಮಷಿನ್ ಅಲ್ಲಿ ಹೊಸದಾಗಿ ಬಂದಿತ್ತು. ಬಾಕಿನ ಮೇಲೆ ಕೂತವರೆಲ್ಲ ಬಸುರಿಯರು. ಒಬ್ಬಳು, "ನಿಮಗ ಎಷ್ಟ ತಿಂಗಳರಿ?" ಎಂದು ನಕ್ಕಳು. ಅಕ್ಕ, "ದಿನಾ ತುಂಬ್ಯಾವ ತಂಗಿ, ಅವಳಿ ಅದಾವು" ಅಂದಳು.

ಕತ್ತಲೆ ಕೋಣೆಯಲ್ಲಿ ಡಾಕ್ಟರು ಅವಳ ಪಕ್ಕೆಗೆ ತಣ್ಣನೆಯ ಲೋಳೆ ಸವರಿ, ಉಸಿರು ಹಿಡಿಯಲು ಹೇಳಿದರು. ಇಂಗ್ಲಿಷ್ ಬೆರೆತ ಅವರ ಮಾತು ಅಕ್ಕನಿಗೆ ತಿಳಿಯಲಿಲ್ಲ. ನಾನು ಬಾಜು ನಿಂತು "ಹಿಡಿ ಬೇ" ಅಂದರೆ ಹಿಡಿದಳು, "ಬಿಡ ಬೇ" ಅಂದರೆ ಬಿಟ್ಟಳು. ಬಲಗಡೆಯ ಮೂತ್ರಪಿಂಡದಲ್ಲಿ ಗಡ್ಡೆ ಇತ್ತು.

ಅಕ್ಕನ ಹೃದಯ ಮೊದಲೇ ದುರ್ಬಲ, ಕೊಯ್ಯುವ ಹಾಗಿರಲಿಲ್ಲ. ಮುಂಬಯಿಯಲ್ಲಿ ತೊಡೆಯ ನರದಿಂದ ದಾರದಂಥ ನಳಿಕೆ ತೂರಿಸಿ ಗಡ್ಡೆಗೆ ಹೋಗುವ ರಕ್ತವನ್ನು ಕಟ್ಟುತ್ತಾರೆ, ಗಡ್ಡೆ ಒಳಗೇ ಒಣಗುತ್ತದೆ ಎಂದರು. ಅವಳ ಮಗ ಈರಪ್ಪ ಕರೆದುಕೊಂಡು ರೈಲು ಹತ್ತಿದ. ನಳಿಕೆಗೆ ಅವಳು ಹೆದರಲಿಲ್ಲ. ಕಿಟಕಿಯಲ್ಲಿ ಮುಖ ಇಟ್ಟು, "ಅಲ್ಲೆ ನನಗ ಹಿಡಿ, ಬಿಡು ಅಂತ ಯಾರ ಹೇಳ್ತಾರ ಬೇ?" ಎಂದಳು.

"ನಾ ಇಲ್ಲಿಂದನ ಹೇಳ್ತೀನಿ, ಹೋಗು" ಅಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು, ಅಷ್ಟೇ.

ಯಾವ ದಿನ ಮಾಡುತ್ತಾರೆಂದು ನಮಗೆ ತಿಳಿಸಿರಲಿಲ್ಲ. ಒಂದು ಮಧ್ಯಾಹ್ನ ನೆರೆಮನೆಯ ಫಾತಿಮಾಬಿಯ ಜೊತೆ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆ. ನನ್ನ ಉಸಿರು ತಾನೇ ನಿಂತಿತು. ನೋವಿಲ್ಲ, ಸಂಕಟವಿಲ್ಲ. ಗೊತ್ತಿಲ್ಲದೆ "ಬಿಡ ಬೇ" ಅಂದೆ, ಬಿಟ್ಟಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೆಯೇ. ಆಮೇಲೂ ಆಯಿತು.

"ಯಾರಿಗೆ ಬಿಡು ಅಂತಿ ಬೇ? ಹತ್ತಿ ಗಿಡ ನಿನ್ನ ಸೆರಗ ಹಿಡದೈತೇನ?" ಎಂದು ಫಾತಿಮಾಬಿ ಚೇಷ್ಟೆ ಮಾಡಿದಳು. ನಾನೂ ನಕ್ಕೆ. ಹೊತ್ತು ಮುಳುಗುವಾಗ ಇನ್ನೊಮ್ಮೆ ನಿಂತಿತು. ಬಿಡು ಅನ್ನಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಫಾತಿಮಾಬಿ ಬೆನ್ನಿಗೆ ಗುದ್ದಿದ ಮೇಲೆ ಉಸಿರು ಬಂತು. ಮನೆ ಮುಟ್ಟುವವರೆಗೆ ಅವಳು ನನ್ನ ರಟ್ಟೆ ಬಿಡಲಿಲ್ಲ.

ಈರಪ್ಪ ಹಿಂದಿರುಗಿ ಬಂದು ಹೇಳಿದ. ಅದೇ ಮಧ್ಯಾಹ್ನ ರಕ್ತ ಕಟ್ಟಿದ್ದರು. ಒಳಗೆ ಕನ್ನಡದವರು ಒಬ್ಬರೂ ಇರಲಿಲ್ಲ. ಆದರೂ ಒಳಗಿನ ಫೋಟೊ ತೆಗೆಯುವಾಗಲೆಲ್ಲ ಅಕ್ಕ ಸರಿಯಾಗಿ ಉಸಿರು ಹಿಡಿದು ಬಿಟ್ಟಳಂತೆ. ಹೊರಗೆ ತಂದಾಗ ಮಗನನ್ನು ಕೇಳಿದಳಂತೆ, "ನಿಮ್ಮ ಚಿಗವ್ವ ಯಾವಾಗ ಬಂದ್ಲೋ? ಬಾಜೂಕ ನಿಂತ ಹೇಳಾಕತ್ತಿದ್ಲು." ಕೆಲಸ ಚೆನ್ನಾಗಿಯೇ ಆಗಿತ್ತು. ಅಂದೇ ಹೊತ್ತು ಮುಳುಗುವಾಗ ಅವಳ ಹೃದಯ ನಿಂತಿತು.

ಒಂದಕ್ಕೊಂದು ಕೂಡಿ ಬಂದಿದೆ ಅಷ್ಟೇ ಎಂದರು ಓದಿದವರು. ಇರಬಹುದು. ಅವಳಿಗೆ ಹೇಳಿದವಳು ನಾನೋ, ನನ್ನ ಉಸಿರು ಹಿಡಿಸಿದವಳು ಅವಳೋ, ಇವತ್ತಿಗೂ ತಿಳಿದಿಲ್ಲ.

ಇದೆಲ್ಲ ಗೊತ್ತಾದದ್ದು ಆಮೇಲೆ. ಹೊಲದಿಂದ ಬಂದ ಮರುದಿನ ಬೆಳಿಗ್ಗೆ ತಂತಿಯೂ ಬಂದಿರಲಿಲ್ಲ. ಅಕ್ಕ ಮುಂಬಯಿಗೆ ಹೋದಾಗಿನಿಂದ ದಿನಾ ಮಾಡುತ್ತಿದ್ದಂತೆ ಅವಳ ಮನೆಗೆ ಹೋಗಿ ಎಮ್ಮೆ ಹಿಂಡಿದೆ. ಹಿಂಡಿದ ಮೇಲೆ ಅದನ್ನು ಅಲ್ಲೇ ಬಿಟ್ಟು ಬರಲಿಲ್ಲ, ಹಗ್ಗ ಬಿಚ್ಚಿಕೊಂಡು ಹೊರಟೆ. "ಅಕ್ಕ ಇನ್ನೂ ಬಂದಿಲ್ಲ, ಆಗಲೇ ಎಮ್ಮಿ ಹೊಡಕೊಂಡ ಹೊಂಟೀಯಲ್ಲ" ಎಂದು ಓಣಿಯವರು ಆಡಿಕೊಂಡರು. ನಮ್ಮ ಹಿತ್ತಲಲ್ಲಿ ಹೊಸ ಗೂಟ ಬಡಿದು ಕಟ್ಟಿದೆ.