ಫ್ಯಾನಕ್ಕನ ಬೆಳಕಿನ ಹಲಗೆ

ಓಣಿಯವರೆಲ್ಲ ಅವಳನ್ನು ಫ್ಯಾನಕ್ಕ ಅಂತಲೇ ಕರೆಯುತ್ತಾರೆ. ಅಪ್ಪ ತೀರಿಕೊಂಡಾಗ ಬಸ್ ನಿಲ್ದಾಣದ ಹಿಂದಿನ ಅವನ ರಿಪೇರಿ ಅಂಗಡಿಯನ್ನು ಮಾರಿಬಿಡಿ ಎಂದು ಚಿಕ್ಕಪ್ಪಂದಿರು ಹೇಳಿದ್ದರು. ಇಪ್ಪತ್ತೆರಡರ ಹುಡುಗಿ ಮರುದಿನ ಷಟರ್ ಎತ್ತಿ ಒಳಗೆ ಕೂತಳು. ಮೂವತ್ತಾರು ವರ್ಷದಿಂದ ಕೂತೇ ಇದ್ದಾಳೆ. ಸುಟ್ಟ ಫ್ಯಾನು, ಜಾಮಾದ ಮಿಕ್ಸಿ, ನೀರೆತ್ತದ ಪಂಪು, ಏನೇ ತಂದರೂ ಮೊದಲು ಮೂಸಿ ನೋಡುತ್ತಾಳೆ, ಆಮೇಲೆ ಬಿಚ್ಚುತ್ತಾಳೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, ಫ್ಯಾನು ಕೆಟ್ಟರೆ ಬಿಚ್ಚಿ ನೋಡಬಹುದು, ಗಂಡ ಕೆಟ್ಟರೆ ಏನು ಮಾಡಲಿ ಅನ್ನುತ್ತಿದ್ದಳು.

ಅಪ್ಪ ಹೋದಾಗ ತಂಗಿಗೆ ಹದಿನಾಲ್ಕು. ಅವಳನ್ನು ಓದಿಸಿದ್ದು, ಸಂಗೀತ ಕಲಿಸಿದ್ದು ಆ ಅಂಗಡಿಯೇ. ಅವಳು ಹುಡುಗಿಯರ ಶಾಲೆಯಲ್ಲಿ ಸಂಗೀತದ ಟೀಚರಾದಳು. ಇಬ್ಬರೂ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಫ್ಯಾನಕ್ಕನಿಗೆ ಸ್ವರಜ್ಞಾನ ಅಷ್ಟಕ್ಕಷ್ಟೇ. ಆದರೆ ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಮೆಟ್ಟಿಲ ಮೇಲೆ ತಂಗಿ ಹಾಡಿದ್ದೆಲ್ಲ ಕಿವಿಗೆ ಬಿದ್ದು ಬಿದ್ದು ಅವಳಿಗೆ ಬಾಯಿಪಾಠವಾಗಿತ್ತು.

ಹೋದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಹೊಸದೇನಾದರೂ ಬೇಕು ಎಂದು ಹೆಡ್‌ಮಿಸ್ ಪಟ್ಟು ಹಿಡಿದರಂತೆ. ಹಾಡಿಗೆ ತಕ್ಕ ಹಾಗೆ ಹೊತ್ತಿಕೊಳ್ಳುವ ದೀಪಗಳನ್ನು ನಮ್ಮಕ್ಕ ಮಾಡಿಕೊಡುತ್ತಾಳೆ ಎಂದು ತಂಗಿ ಯಾರನ್ನೂ ಕೇಳದೆ ಒಪ್ಪಿಕೊಂಡು ಬಂದಳು. ಫ್ಯಾನಕ್ಕ ಅಂಥದ್ದನ್ನು ಯಾವತ್ತೂ ಮಾಡಿರಲಿಲ್ಲ. ಎರಡು ದಿನ ಬೈದುಕೊಂಡು ಓಡಾಡಿದಳು, ಮೂರನೇ ದಿನ ಹಿತ್ತಿಲಲ್ಲಿ ಬಿದ್ದಿದ್ದ ಬಾಗಿಲಿನ ಹಲಗೆಯನ್ನು ತೊಳೆದು ಒಣಗಿಸಿದಳು. ಅದಕ್ಕೆ ತೂತು ಕೊರೆದು, ಹಳೆಯ ಸೀರಿಯಲ್ ಸೆಟ್‌ಗಳಿಂದ ಬಿಚ್ಚಿದ ಬಲ್ಬುಗಳನ್ನು ಮೂರು ಸಾಲಾಗಿ ಕೂರಿಸಿದಳು. ದಪ್ಪ ಸದ್ದಿಗೆ ಕೆಂಪು, ನಡುವಿನದಕ್ಕೆ ಹಳದಿ, ಮೇಲಿನ ಸ್ವರಗಳಿಗೆ ನೀಲಿ. ಸದ್ದು ಕೇಳಿಸಿಕೊಳ್ಳಲು ಟೇಪ್ ರೆಕಾರ್ಡರಿನ ಮೈಕು. ಆ ಮೈಕಿನ ಕಿವಿ ಎಷ್ಟು ಚುರುಕಾಗಿರಬೇಕು ಎಂದು ಹೊಂದಿಸಲು ರೇಡಿಯೋದ ಒಂದು ಗುಂಡಿ. ಗುಂಡಿಯ ಸುತ್ತ ಒಂದರಿಂದ ಹತ್ತರವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಹೆಚ್ಚು ತಿರುಗಿಸಿದಷ್ಟೂ ಸಣ್ಣ ಸದ್ದಿಗೂ ದೀಪ ಹೊತ್ತಿಕೊಳ್ಳುತ್ತದೆ.

ಭಾನುವಾರ ಬೆಳಿಗ್ಗೆ ಪರೀಕ್ಷೆ. ತಂಗಿ ಮೇಜಿನಿಂದ ಮೂರು ಮಾರು ದೂರ ನಿಂತು, ಮಕ್ಕಳಿಗೆ ಮೊದಲು ಕಲಿಸುತ್ತಿದ್ದ ಮಳೆಯ ಹಾಡು ಹಾಡಿದಳು. ಗುಂಡಿ ಮೂರಕ್ಕೆ ಬಂದಾಗ ನೀಲಿ ಸಾಲು ಪೂರ್ತಿ ಹೊತ್ತಿಕೊಂಡಿತು. ಫ್ಯಾನಕ್ಕನ ಮುಖ ಊರಗಲವಾಯಿತು.

ಮುಂದಿನ ಭಾನುವಾರ ಅದೇ ಹಾಡಿಗೆ, ಅದೇ ಜಾಗದಲ್ಲಿ, ಮೂರೂವರೆಗೆ ತಿರುಗಿಸಬೇಕಾಯಿತು. ಅದರ ಮುಂದಿನ ವಾರ ನಾಲ್ಕು ದಾಟಿತು. ಬೆಸುಗೆ ಸಡಿಲವಾಗಿರಬೇಕೆಂದು ಎಲ್ಲ ಬಿಚ್ಚಿ ಮತ್ತೆ ಹಾಕಿದಳು. ಮೈಕು ಬದಲಾಯಿಸಿ ನೋಡಿ, ಹಳೆಯದನ್ನೇ ಮತ್ತೆ ಹಾಕಿದಳು. ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ಮೀಟರ್ ಹಿಡಿದು ಕೂತಳು. ಐದನೇ ವಾರ ಗುಂಡಿ ಆರಕ್ಕೆ ಬಂದು ನಿಂತಾಗ, ತಂಗಿ ಪೇಟೆಗೆ ಹೋಗುವುದನ್ನೇ ಕಾದಿದ್ದು, ಸ್ಟೀಲ್ ಲೋಟವೊಂದನ್ನು ಅದೇ ಮೂರು ಮಾರು ದೂರದಲ್ಲಿಟ್ಟು ಚಮಚದಿಂದ ಬಡಿದಳು. ಮೊದಲ ವಾರವೂ ಆಟಕ್ಕೆಂದು ಹೀಗೇ ಬಡಿದು ಗುಂಡಿಯ ಪಕ್ಕ ಗೆರೆ ಹಾಕಿಟ್ಟಿದ್ದಳು. ಲೋಟಕ್ಕೆ ದೀಪ ಹತ್ತಿದ್ದು ಅದೇ ಹಳೆಯ ಗೆರೆಗೆ, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಹಲಗೆಯಲ್ಲಿ ದೋಷವಿರಲಿಲ್ಲ. ಇಳಿಯುತ್ತಿದ್ದದ್ದು ತಂಗಿಯ ದನಿ.

ಆಮೇಲೆ ಒಂದೊಂದಾಗಿ ಕಣ್ಣಿಗೆ ಬೀಳತೊಡಗಿತು. ನೀರು ಕುಡಿಯುವಾಗ ತಂಗಿಗೆ ನೆತ್ತಿಗೇರುತ್ತಿತ್ತು. ಊಟಕ್ಕೆ ಕೂತರೆ ಮುಕ್ಕಾಲು ಗಂಟೆ. ಸಂಜೆಯಾದರೆ ಮಾತು ಅಂಟಂಟಾಗಿ ಬರುತ್ತಿತ್ತು. ಶೀತ, ಮಕ್ಕಳ ಜೊತೆ ಕಿರುಚಿದ್ದು, ಧೂಳು, ಹೀಗೆ ತಂಗಿ ದಿನಕ್ಕೊಂದು ನೆಪ ಹೇಳಿದಳು. ಕೊನೆಗೆ ಫ್ಯಾನಕ್ಕ ಒಂದು ದಿನ ಅಂಗಡಿ ಮುಚ್ಚಿ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಸೂಜಿ ಚುಚ್ಚಿದರು, ಫೋಟೋ ತೆಗೆದರು, ನಾಲಿಗೆ ಚಾಚಿಸಿ ನೋಡಿದರು. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಗಂಟಲು, ನಾಲಿಗೆಗೆ ಹೋಗುವ ನರಗಳು ಒಣಗುತ್ತಿವೆ, ಮುಂದೆ ಕೈಕಾಲಿಗೂ ಬರಬಹುದು ಎಂದು ಬಿಡಿಸಿ ಹೇಳಿದರು.

ಫ್ಯಾನಕ್ಕ ಕೇಳಿದಳು, "ಮೋಟಾರು ಹೋಗಿದ್ಯಾ ಡಾಕ್ಟ್ರೇ, ಇಲ್ಲ ಬರೀ ವಯರಾ?"

"ವಯರು ಅಂತಲೇ ಇಟ್ಕೊಳ್ಳಿ."

"ಹಾಗಾದ್ರೆ ಬೇರೆ ವಯರು ಎಳೆಯೋಕಾಗಲ್ವಾ?"

ಡಾಕ್ಟರಮ್ಮ ನಗಲಿಲ್ಲ. "ಆಗಲ್ಲಮ್ಮ. ಆಗೋದಿದ್ರೆ ನಾನು ಇಷ್ಟು ಹೊತ್ತು ಮಾತಾಡ್ತಾನೇ ಇರಲಿಲ್ಲ" ಅಂದರು.

ಮನೆ ಸೇರಿದ ಮೇಲೆ, ವಾರ್ಷಿಕೋತ್ಸವದಲ್ಲಿ ಹಾಡುವುದು ಬೇಡ, ಮಕ್ಕಳೇ ಹಾಡಿಕೊಳ್ಳಲಿ ಎಂದು ಫ್ಯಾನಕ್ಕ ಹೇಳಿ ನೋಡಿದಳು. ತಂಗಿ ಕೇಳಲಿಲ್ಲ. "ಇದ್ದಷ್ಟು ಹಾಡ್ತೀನಿ ಕಣಕ್ಕ. ನೀನು ದೀಪದ ಕಡೆ ನೋಡ್ಕೋ" ಅಂದಳು.

ದೀಪದ ಕಡೆ ನೋಡಿಕೊಳ್ಳುವುದೇ ಕಷ್ಟವಾಗಿತ್ತು. ಗುಂಡಿಯನ್ನು ಹತ್ತಕ್ಕೆ ಇಟ್ಟರೆ ಕೆಮ್ಮಿದರೂ ಕುರ್ಚಿ ಎಳೆದರೂ ಹಲಗೆ ಧಗ್ಗನೆ ಹೊತ್ತಿಕೊಳ್ಳುತ್ತಿತ್ತು. ಇಳಿಸಿದರೆ ತಂಗಿಯ ದನಿ ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಶಾಲೆಯ ಲೌಡ್‌ಸ್ಪೀಕರ್ ಏರಿಸಿದರೆ ಅದು ಊಳಿಡುತ್ತಿತ್ತು. ಬೇರೆ ದಾರಿ ಕಾಣದೆ ಫ್ಯಾನಕ್ಕ ನೀಲಿ ಸಾಲಿಗೆ ಒಂದು ಕಾಲಿಂಗ್ ಬೆಲ್ ಸ್ವಿಚ್ಚು ಜೋಡಿಸಿದಳು. ಒತ್ತಿದರೆ ದೀಪ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ತಂಗಿಗೆ ಹೇಳಲಿಲ್ಲ.

ವಾರ್ಷಿಕೋತ್ಸವದ ದಿನ ಶಾಲೆಯ ಹಾಲ್ ತುಂಬಿತ್ತು. ತಂಗಿ ಮುಂದೆ, ಹಿಂದೆ ನಲವತ್ತು ಮಕ್ಕಳು, ಅವರ ಹಿಂದೆ ಹಲಗೆ. ಪರದೆಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಫ್ಯಾನಕ್ಕ. ಮೊದಲ ಚರಣ ತಂಗಿಯೊಬ್ಬಳದೇ. ಫ್ಯಾನಕ್ಕ ಕಣ್ಣು ಮುಚ್ಚಿ ಸ್ವಿಚ್ಚು ಒತ್ತತೊಡಗಿದಳು. ಎಲ್ಲಿ ಎಳೆಯಬೇಕು, ಎಲ್ಲಿ ಮುರಿಯಬೇಕು ಎನ್ನುವುದೆಲ್ಲ ಬೆರಳಿಗೇ ಗೊತ್ತಿತ್ತು. ನೀಲಿ ದೀಪಗಳು ಹಾಡಿನ ಜೊತೆ ಹೊತ್ತಿ ಆರಿದವು, ಜನ ಮೆಚ್ಚಿ ಗುಜುಗುಜು ಅಂದರು.

ಮೇಲಿನ ಸ್ವರದ ಸಾಲಿಗೆ ಬಂದಾಗ ತಂಗಿಯ ದನಿ ನಿಂತಿತು. ಕಣ್ಣು ಮುಚ್ಚಿದ್ದ ಫ್ಯಾನಕ್ಕನ ತಲೆಯಲ್ಲಿ ಹಾಡು ನಿಲ್ಲಲಿಲ್ಲ. ಬಾಯಿ ತೆರೆದು ಸುಮ್ಮನೆ ನಿಂತಿದ್ದ ತಂಗಿಯ ಹಿಂದೆ ದೀಪಗಳು ಆ ಸಾಲನ್ನು ಪೂರ್ತಿ ಹಾಡಿದವು. ಸಭೆಯ ಮೊದಲ ಸಾಲಿನಲ್ಲಿ ಯಾವುದೋ ಮಗು ಕಿಸಕ್ಕೆಂದಿತು. ಫ್ಯಾನಕ್ಕ ಕಣ್ಣು ತೆರೆದಾಗ ತಂಗಿ ತಿರುಗಿ ಹಲಗೆಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಮಕ್ಕಳು ತಮ್ಮ ಸರದಿ ಬಂತೆಂದು ಒಟ್ಟಿಗೆ ಹಾಡು ಎತ್ತಿಕೊಂಡರು. ಮೂರೂ ಸಾಲು ತಾವಾಗಿಯೇ ಹೊತ್ತಿ ಉರಿದವು, ಹಾಲ್ ತುಂಬ ಚಪ್ಪಾಳೆ.

ಮನೆಗೆ ನಡೆದುಕೊಂಡೇ ಬಂದರು. ಓಣಿಯ ತಿರುವಿನಲ್ಲಿ ತಂಗಿ ನಿಂತಳು. ನಾಲಿಗೆ ತೊಡರುತ್ತಿದ್ದರೂ ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು.

"ಇನ್ನೊಂದು ಸಲ ನನ್ನ ಬದಲಿಗೆ ಹಾಡಬೇಡ."

"ಇಲ್ಲ."

"ನಿಂತ್ರೆ ನಿಲ್ಲಲಿ. ನಿಂತಿದ್ದು ಜನಕ್ಕೆ ಗೊತ್ತಾಗಲಿ."

ಫ್ಯಾನಕ್ಕ ಹೂಂ ಅಂದಳು. ಹಲಗೆಯನ್ನು ಶಾಲೆಗೇ ಬಿಟ್ಟಳು. ಮಕ್ಕಳು ಅದರ ಮುಂದೆ ಕೂಗಿ, ಸೀಟಿ ಹೊಡೆದು ಒಂದೇ ತಿಂಗಳಲ್ಲಿ ಅದನ್ನು ಹಾಳು ಮಾಡಿದರಂತೆ. ಸರಿಮಾಡಲು ಕರೆದಾಗ ಅವಳು ಹೋಗಲಿಲ್ಲ.

ಆರು ತಿಂಗಳಲ್ಲಿ ತಂಗಿಯ ಮಾತು ಪೂರ್ತಿ ಹೋಯಿತು. ಫ್ಯಾನಕ್ಕ ಅಂಗಡಿಯ ಕೆಲಸವನ್ನು ಮೇಲಿನ ಕೋಣೆಗೆ ತಂದುಕೊಂಡಳು. ದಿಂಬಿಗೊರಗಿ ಕೂತ ತಂಗಿಯ ಎದುರಿಗೇ ಕೈಮಷಿನ್ನಿನಲ್ಲಿ ಸುಟ್ಟ ಫ್ಯಾನುಗಳಿಗೆ ಹೊಸ ತಂತಿ ಸುತ್ತುತ್ತಾಳೆ. ಮಷಿನ್ನಿನ ಲೆಕ್ಕದ ಮುಳ್ಳು ಯಾವತ್ತೋ ಮುರಿದಿದೆ, ಬಾಯಲ್ಲೇ ಎಣಿಸಬೇಕು. ಒಂದು ಸುರುಳಿಗೆ ಮುನ್ನೂರರ ಮೇಲೆ ಸುತ್ತು. ನಡುವೆ ತಂಗಿಯ ಉಸಿರಿನ ಕಡೆ ಗಮನ ಹೋಗಿ ಎಣಿಕೆ ತಪ್ಪುತ್ತದೆ. ಮೊದಮೊದಲು ತಂಗಿ ಬೆರಳೆತ್ತಿ ತೋರಿಸುತ್ತಿದ್ದಳು. ಎರಡು, ಆಮೇಲೆ ನಾಲ್ಕು, ಆಮೇಲೆ ಮುಷ್ಟಿ. ಇನ್ನೂರ ನಲವತ್ತು. ಅವಳ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ.

ಕಳೆದ ವಾರ ಎಣಿಕೆ ತಪ್ಪಿ ಫ್ಯಾನಕ್ಕ ತಲೆಯೆತ್ತಿದಾಗ, ತಂಗಿಯ ಬೆರಳುಗಳು ಹೊದಿಕೆಯ ಮೇಲೆ ಒಂದಿಷ್ಟು ಅಲುಗಿದವು, ಏಳಲಿಲ್ಲ. ಕಣ್ಣುಗಳು ಮಾತ್ರ ಸಂಖ್ಯೆ ಗೊತ್ತಿದೆ ಎನ್ನುವ ಹಾಗೆ ನೋಡುತ್ತಿದ್ದವು. ಅವಳ ಬದಲಿಗೆ ಫ್ಯಾನಕ್ಕ ಯಾವ ಸಂಖ್ಯೆಯನ್ನೂ ಊಹಿಸಿ ಹೇಳಲಿಲ್ಲ. ಸುತ್ತಿದ ತಂತಿಯನ್ನೆಲ್ಲ ಬಿಚ್ಚಿ, ಮತ್ತೆ ಒಂದರಿಂದ ಶುರುಮಾಡಿದಳು.