ಲುಂಗ್ ಸಮ್ರುವೈಯ ಅಂಟು

ನಮ್ಮ ರೇಸ್ ಮೈದಾನದಲ್ಲಿ ಎಲ್ಲರಿಗಿಂತ ನಿಧಾನದ ಮನುಷ್ಯ ಲುಂಗ್ ಸಮ್ರುವೈ. ಲುಂಗ್ ಅಂದರೆ ದೊಡ್ಡಪ್ಪ. ಥಾಯ್ಲೆಂಡಿನ ಈಸಾನ್ ಸೀಮೆಯ ಡ್ರ್ಯಾಗ್ ಓಟಗಾರರೆಲ್ಲ ಹಾಗೇ ಕರೆಯುವುದು. ಪಿಕಪ್‌ಗಳು ನೇರ ದಾರಿಯ ನಾನೂರು ಮೀಟರನ್ನು ಹತ್ತು ಸೆಕೆಂಡಿನಲ್ಲಿ ಮುಗಿಸಬೇಕಾದರೆ ಹೊರಡುವಾಗ ಚಕ್ರ ಜಾರಬಾರದು. ಅದಕ್ಕೆ ಆರಂಭದ ಗೆರೆಯ ಹತ್ತಿರ ಅಂಟು ಸಿಂಪಡಿಸಬೇಕು. ಹದಿನೇಳು ವರ್ಷದಿಂದ ಅದು ಆತನ ಕೆಲಸ. ಅಂಟು ಹದಕ್ಕೆ ಬಂತೇ ಎಂದು ನೋಡಲು ಆತನ ಬಳಿ ಇರುವ ಯಂತ್ರ ಒಂದು ಜೊತೆ ರಬ್ಬರ್ ಚಪ್ಪಲಿ. ಕಾಲೆತ್ತಿದಾಗ ಚಪ್ಪಲಿ ನೆಲದಲ್ಲೇ ಉಳಿದರೆ ಹದ ಬಂತು. ಗೋಪುರದಲ್ಲಿ ಕೂತು ಮೈಕಿನಲ್ಲಿ ಕೂಗುವ ನಾನು ಆಗ ಓಟ ಶುರು ಎನ್ನುತ್ತೇನೆ.

ಕಳೆದ ವರ್ಷ ಸುತ್ತು ಓಟಕ್ಕೂ ಹೊಸ ಟ್ರ್ಯಾಕ್ ಆಯಿತು. ಉದ್ಘಾಟನೆಗೆ ಗವರ್ನರ್. ರಿಬ್ಬನ್ ಕತ್ತರಿಸುವುದು ಡ್ರ್ಯಾಗ್ ಗೆರೆಯ ಮೇಲೆ, ಮಧ್ಯಾಹ್ನ ಎರಡಕ್ಕೆ. ಮ್ಯಾನೇಜರ್ ವಿರೋಟ್ ಬೆಳಿಗ್ಗೆಯೇ ಬಂದು ಗುಡುಗಿದ.

"ಲುಂಗ್, ಸಾಹೇಬ್ರು ಬರೋ ಹೊತ್ತಿಗೆ ಗೆರೆ ಪೂರ್ತಿ ರೆಡಿ ಇರ್ಬೇಕು. ಒಂಚೂರು ಹೆಚ್ಚುಕಮ್ಮಿ ಆದ್ರೂ ನಾಳೆಯಿಂದ ನೀವು ಮನೇಲೇ ಇರಿ."

ಸಮ್ರುವೈ ಏದುಸಿರು ಬಿಡುತ್ತ ಗೋಪುರ ಹತ್ತಿ ಬಂದ.

"ಅಲ್ಲ ಕಣೋ, ಪೂರ್ತಿ ರೆಡಿ ಅಂದ್ರೆ ಅಂಟೂ ಹಾಕೋದಾ? ಅವ್ರು ಅಲ್ಲೇ ನಡೀಬೇಕಲ್ಲೋ!"

"ಹೋಗಿ ಕೇಳಿ ಮತ್ತೆ."

"ಕೇಳಿದ್ರೆ ಮ್ಯಾನೇಜರ್ ಸಾಹೇಬ್ರು ತಪ್ಪು ಹೇಳಿದ್ರು ಅಂದ ಹಾಗಾಗಲ್ವಾ? ನೀನೇ ಒಂದ್ಮಾತು ಕೇಳು."

"ನನಗ್ಯಾಕೆ ಲುಂಗ್ ಊರ ಉಸಾಬರಿ?"

ದಾಕ್ಷಿಣ್ಯ ನಮ್ಮ ಜನಕ್ಕೆ ಅಂಟಿದ ರೋಗ. ಮೇಲಿನವರಿಗೆ ಎದುರಾಡುವುದಕ್ಕಿಂತ ಅವರನ್ನು ಹಳ್ಳಕ್ಕೆ ಬೀಳಲು ಬಿಡುವುದು ನಮಗೆ ಸಲೀಸು. ಆತ ಹೋಗಿ ಸಿಂಪಡಿಸಿದ, ಅದೂ ಎಂದಿಗಿಂತ ಧಾರಾಳವಾಗಿ.

ಎರಡು ಗಂಟೆಗೆ ಬಿಳಿ ಸಮವಸ್ತ್ರದ ಗವರ್ನರ್ ಬಂದರು. ನಾಲ್ಕು ಹೆಜ್ಜೆ ಇಟ್ಟರು. ಐದನೆಯದಕ್ಕೆ ಕಾಲು ಬಂತು, ಬೂಟು ಬರಲಿಲ್ಲ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಟಿವಿ ಕ್ಯಾಮೆರಾದತ್ತ ಇಣುಕಿತು. ಬೇಲಿಯ ಪಕ್ಕ ಅಂಟಿನ ಡಬ್ಬ ಹಿಡಿದು ನಿಂತಿದ್ದ ಸಮ್ರುವೈಯ ಮುಖದಲ್ಲಿ ರಕ್ತವೇ ಇರಲಿಲ್ಲ. ಹೆಂಡತಿ ತೀರಿಕೊಂಡ ವಾರವೂ ತಪ್ಪದೆ ಬಂದು ಸಿಂಪಡಿಸಿದವನು ಆತ. ಈ ಕೆಲಸ ಹೋದರೆ ಆತನಿಗೆ ಬೇರೆ ಬದುಕಿಲ್ಲ. ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ನನಗೇ ಅಸಹ್ಯವಾಯಿತು. ಮೈಕ್ ಒತ್ತಿದೆ.

"ಮಹಾಜನರೇ! ಈ ನೆಲದ ಪುರಾತನ ಪದ್ಧತಿಯಂತೆ ಗವರ್ನರ್ ಸಾಹೇಬರು ಪಾದರಕ್ಷೆ ಬಿಟ್ಟು ತಾಯಿ ಧರಣಿಗೆ ವಂದಿಸುತ್ತಿದ್ದಾರೆ!"

ಗವರ್ನರ್ ಜಾಣರು. ಇನ್ನೊಂದು ಬೂಟಿನಿಂದಲೂ ಕಾಲು ಕಿತ್ತು, ಕೈ ಮುಗಿದು ಬಾಗಿದರು. ಅವರ ಹಿಂದೆ ಪೊಲೀಸ್ ಮುಖ್ಯಸ್ಥ, ಮಹಿಳಾ ಸಂಘದ ಅಧ್ಯಕ್ಷೆ, ವಿರೋಟ್, ಹೀಗೆ ಹನ್ನೊಂದು ಜನ ಭಕ್ತಿಯಿಂದ ಬೂಟು ಬಿಟ್ಟರು. ಬಿಡದೆ ಬೇರೆ ದಾರಿಯೂ ಇರಲಿಲ್ಲ. ಹದಿನೇಳು ವರ್ಷದ ಟಾರಿನ ಪುರಾತನ ಪದ್ಧತಿ ಮರುದಿನ ಪತ್ರಿಕೆಯಲ್ಲಿ ಬಂತು.

ವಾರದೊಳಗೆ ಗೆರೆಯ ಬದಿಯಲ್ಲಿ ಹೂಮಾಲೆ, ಕೆಂಪು ಸೋಡಾದ ನೈವೇದ್ಯ, ಪಾದರಕ್ಷೆ ನಿಷಿದ್ಧವೆಂಬ ಫಲಕ ಎಲ್ಲ ಬಂದವು. ಕೆಲಸ ಉಳಿಯಿತು. ಆದರೆ ಫಲಕದ ಮುಂದೆ ವಿರೋಟ್ ಮೊದಲು ತಡೆದದ್ದು ಸಮ್ರುವೈಯನ್ನೇ.

"ಚಪ್ಪಲಿ ಇಲ್ದೆ ಹದ ನೋಡೋದು ಹೇಗೆ ಸಾಹೇಬ್ರೇ?"

"ಕಾಲಿದೆಯಲ್ಲ ಲುಂಗ್!"

ಅಂದಿನಿಂದ ಉರಿಯುವ ಟಾರಿನ ಮೇಲೆ ಬರಿಗಾಲು. ಅಂಟು ಹದಕ್ಕೆ ಬಂದ ದಿನ ಹಿಮ್ಮಡಿಯ ಚರ್ಮ ಅಲ್ಲೇ ಉಳಿಯುತ್ತದೆ.

ಹೋದ ತಿಂಗಳು ಬ್ಯಾಂಕಾಕಿನ ಓಟಗಾರನೊಬ್ಬ ಶೂ ಹಾಕಿಕೊಂಡೇ ಗೆರೆ ನೋಡಲು ಇಳಿದ. ಎಲ್ಲರಿಗಿಂತ ಮೊದಲು ಅರಚಿದ್ದು ಸಮ್ರುವೈ.

"ಏಯ್, ಶೂ ಬಿಚ್ಚೋ! ಅಪ್ಪ ಅಮ್ಮ ಏನೂ ಹೇಳ್ಕೊಟ್ಟಿಲ್ವಾ ನಿಂಗೆ?"

ಆ ಸಂಜೆ ಆತ ಸೀಮೆಎಣ್ಣೆಯಲ್ಲಿ ಅಂಗಾಲು ಉಜ್ಜುತ್ತ ಕೂತಿದ್ದ. ನಾನು ಛೇಡಿಸಿದೆ.

"ಏನು ಲುಂಗ್, ನಿಮಗೂ ಭಕ್ತಿ ಬಂದ್ಬಿಡ್ತಾ?"

"ಭಕ್ತಿನೂ ಇಲ್ಲ, ಗಿಕ್ತಿನೂ ಇಲ್ಲ. ಒಬ್ಬ ಶೂ ಹಾಕ್ಕೊಂಡು ನಿಂತ ಅಂದ್ರೆ, ಇನ್ನೊಬ್ಬ ಯಾಕೆ ಬಿಚ್ಬೇಕು ಅಂತಾನೆ. ಹಾಗೇ ಕೇಳ್ತಾ ಕೇಳ್ತಾ, ಅವತ್ತು ಗವರ್ನರ್ ಬೂಟು ಯಾಕೆ ಉಳೀತು ಅಂತ ನನ್ನ ಡಬ್ಬದ ಹತ್ರಾನೇ ಬಂದು ನಿಲ್ತಾರೆ," ಎಂದು ಇನ್ನೊಂದು ಕಾಲನ್ನು ಮಡಿಲಿಗೆ ಎಳೆದುಕೊಂಡ. "ಚರ್ಮ ಮತ್ತೆ ಬರತ್ತೆ ಕಣೋ. ಕೆಲಸ ಬರಲ್ಲ."