ಕಿರುಬೆರಳ ಉಬ್ಬು
ಮ್ಯಾನ್‌ಹಟನ್ನಿನ ದೊಡ್ಡ ಅಂಗಡಿಯೊಂದರ ಪತ್ರಿಕಾ ಜಾಹೀರಾತಿಗೆ ಹೆಂಗಸರ ಶೂಗಳ ಚಿತ್ರ ಬರೆಯುವವಳು ಎಸ್ಟೆಲ್. ಮಾದರಿಗೆ ಬರುವುದು ಒಂದೇ ಕಾಲಿನದು. ಇನ್ನೊಂದನ್ನು ಅವಳು ಕನ್ನಡಿಯಲ್ಲಿ ನೋಡಿ ಬರೆಯುತ್ತಾಳೆ. ಇಪ್ಪತ್ತಾರು ವರ್ಷ ಹೀಗೆ ಬರೆದೂ ಬರೆದೂ ಈಗ ಮನೆ ಮಾಲೀಕನನ್ನೂ ಅವಳು ಹಿಮ್ಮಡಿಯಿಂದಲೇ ಗುರುತಿಸುತ್ತಾಳೆ. ಚಿತ್ರಕ್ಕೆ ಸಹಿ ಹಾಕುವ ಪದ್ಧತಿಯಿಲ್ಲ. ಎಷ್ಟೇ ನಾಜೂಕಿನ ಶೂ ಇರಲಿ, ಕಿರುಬೆರಳ ಬಳಿ ಅವಳ ಗೆರೆ ಒಂದಿಷ್ಟು ಉಬ್ಬಿಬಿಡುತ್ತದೆ. "ಮತ್ತೆ ಆ ಗಂಟು. ಯಾವ ರಾಣಿ ಕಾಲಮ್ಮಾ ಇದು?" ಎಂದು ಮೇಲಧಿಕಾರಿ ಹರ್ಮನ್ ರೇಗಿಸುತ್ತಾನೆ. "ಕೈಗೆ ವಯಸ್ಸಾಯ್ತು ಕಣಪ್ಪ," ಎಂದು ಅವಳು ತಣ್ಣಗಾದ ಕಾಫಿ ಹೀರುತ್ತಾಳೆ. ಹಿಂದೆ ಪಕ್ಕದ ಮೇಜಿನಲ್ಲಿದ್ದ ಡ್ವೈಟ್ ಈಚೆಗೆ ಅವಳದೊಂದು ಜಾಹೀರಾತನ್ನು ಅಚ್ಚಿನ ಚುಕ್ಕಿಗಳ ಸಮೇತ ಗೋಡೆಯಷ್ಟು ಹಿಗ್ಗಿಸಿ, ಗುಲಾಬಿ ಬಣ್ಣ ಬಳಿದು, ತನ್ನ ಸಹಿ ಹಾಕಿ ಗ್ಯಾಲರಿಯಲ್ಲಿ ತೂಗುಹಾಕಿದ. "ಬಾ, ಜಗಳ ಆಡೋಣ," ಎಂದು ಹರ್ಮನ್ನನೇ ಅವಳನ್ನು ಕರೆದೊಯ್ದ. ಅಲ್ಲಿ ಕಿರುಬೆರಳ ಉಬ್ಬು ಕುಂಬಳಕಾಯಿಯಷ್ಟಿತ್ತು. ಜನ ಕತ್ತೆತ್ತಿ ಅದನ್ನೇ ನೋಡುತ್ತಿದ್ದರು. ಎಸ್ಟೆಲ್ ಅವರ ಹಿಂದೆ ನಿಂತು ತಾನೂ ಕತ್ತೆತ್ತಿದಳು. "ಸಹಿ ಅವನದೇ ಇರ್ಲಿ ಬಿಡು ಹರ್ಮನ್," ಎಂದಳು. "ಲಾಂಡ್ರಿಲಿ ಇಸ್ತ್ರಿ ಹಾಕ್ತಾ ಮೂವತ್ತು ವರ್ಷ ನಿಂತ ಕಾಲು ಅದು. ನಮ್ಮಮ್ಮನ್ನ ಯಾರೂ ಇಷ್ಟು ಹೊತ್ತು ನೋಡಿರ್ಲಿಲ್ಲ."